ರೇಣವ್ವನ ಕೈಗುಣ

ರೇಣವ್ವ ನಮ್ಮ ಮನೆಯ ಮೇಲಿನ ಒಂಟಿ ಕೋಣೆಗೆ ಬಾಡಿಗೆಗೆ ಬಂದದ್ದು ತೊಂಬತ್ತಾರರಲ್ಲಿ. ಆಗ ಬಿಟಿಎಂ ಲೇಔಟಿನ ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಪಾರ್ಥೇನಿಯಂ ಬೆಳೆದ ಸೈಟುಗಳೇ ಹೆಚ್ಚಾಗಿದ್ದವು. ಗದಗಿನ ಕಡೆಯವಳು, ಮೂವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ಜಯನಗರದ ಒಬ್ಬ ಆಡಿಟರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಒಂದು ಟ್ರಂಕು, ಒಂದು ಸ್ಟವ್ವು, ರೊಟ್ಟಿ ಬಡಿಯುವ ಒಂದು ಕೊಣಮಿಗೆ ತಂದಿದ್ದಳು. ಹುಡುಕಿಕೊಂಡು ಬರುವ ನೆಂಟರು ಯಾರೂ ಇರಲಿಲ್ಲ. ಮನೆ ಕೊಡುವವರಿಗೆ ಇದಕ್ಕಿಂತ ಅನುಕೂಲದ ಬಾಡಿಗೆದಾರಳು ಸಿಗುವುದಿಲ್ಲ ಎಂದು ನಾನು ಖುಷಿಪಟ್ಟೆ.

ನಾನು ಜಯನಗರದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಪಾಠ ಹೇಳುತ್ತಿದ್ದೆ. ಹಾಗೆಂದ ಕೂಡಲೇ ಸಿಕ್ಕವರೆಲ್ಲ ‘ನನ್ನ ಮನಸ್ಸಲ್ಲಿ ಏನಿದೆ ಹೇಳಿ ನೋಡೋಣ ಮೇಡಂ’ ಎಂದು ಹಲ್ಲು ಕಿರಿಯುತ್ತಾರೆ. ಏನೂ ಇಲ್ಲ ಎಂದು ಹೇಳಿ ಕಳಿಸುತ್ತಿದ್ದೆ. ನನ್ನ ನಾಲಿಗೆ ಸ್ವಲ್ಪ ಚುರುಕು, ಅದಕ್ಕೇ ನನಗೂ ಸ್ನೇಹಿತರು ಕಡಿಮೆ. ಸಂಜೆ ಕಾಫಿಗೆ ಕರೆದರೆ ಬಂದು ಚಾಪೆಯ ತುದಿಯಲ್ಲಿ ಕೂರುತ್ತಿದ್ದ ರೇಣವ್ವ, ನಿಧಾನವಾಗಿ ನನಗೆ ಅಭ್ಯಾಸವಾದಳು.

ಅವಳಲ್ಲಿ ಒಂದು ವಿಚಿತ್ರವಿತ್ತು. ನಮ್ಮ ರಸ್ತೆಯ ಕೊನೆಯಲ್ಲಿ, ತಿಲಕ್ ನಗರದ ಕಡೆ ತಿರುಗುವಲ್ಲಿ, ಮರುಳಸಿದ್ದಪ್ಪನವರ ದಿನಸಿ ಅಂಗಡಿಯಿತ್ತು. ಬೆಳಿಗ್ಗೆ ಅವರು ಶಟರ್ ಎತ್ತಿ, ವಿಭೂತಿಯ ಕೈಯಲ್ಲೇ ಊದುಬತ್ತಿ ಬೆಳಗುವ ಹೊತ್ತಿಗೆ ರೇಣವ್ವ ಚೀಲ ಹಿಡಿದು ಹೊರಡುತ್ತಿದ್ದಳು. ಆದರೆ ಅಂಗಡಿಗೆ ಹೋಗುತ್ತಿರಲಿಲ್ಲ. ಎದುರಿನ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತುಬಿಡುತ್ತಿದ್ದಳು. ಇನ್ನೊಬ್ಬರು ಬಂದು ಏನಾದರೂ ಕೊಂಡು ಹೋದ ಮೇಲೆಯೇ ರಸ್ತೆ ದಾಟುತ್ತಿದ್ದಳು. ಕಚೇರಿಯಲ್ಲೂ ಇದೇ ಕತೆ. ಬೀಗದ ಕೈ ಇವಳ ಹತ್ತಿರವಿದ್ದರೂ ಅಟೆಂಡರ್ ಚಿಕ್ಕಬೈರಪ್ಪ ಬರುವತನಕ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದಳು. ಚಿಕ್ಕಬೈರಪ್ಪ ತಡ ಮಾಡಿದ ದಿನ ಬೈಗುಳ ಇವಳಿಗೆ ಬೀಳುತ್ತಿತ್ತು. ಸೋಮಾರಿ ಎಂದು ಆಡಿಟರು ಹೆಸರಿಟ್ಟಿದ್ದರು.

‘ಅದೇನು ಕಂಬ ಕಾಯ್ತೀಯಾ ದಿನಾ?’ ಎಂದು ಒಂದು ಸಂಜೆ ಕೇಳಿದೆ.

‘ಬೋಣಿ ಆಗ್ಲಿ ಅಂತರಿ’ ಎಂದಳು. ‘ನನ್ನ ಕೈಗುಣ ಛಲೋ ಇಲ್ಲರೀ ಮೇಡಂ.’

ಕಾಫಿಗೆ ಸಕ್ಕರೆ ಕಡಿಮೆಯಾಗಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದಳು. ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಎನ್ನುತ್ತಾರೆ, ಅದು ಯಾರ ಕೈಯಿಂದ ಆಗುತ್ತದೋ ಆ ದಿನ ಹಾಗೆ ನಡೆಯುತ್ತದೆ ಎಂದು ನಂಬುತ್ತಾರೆ, ಇದೆಲ್ಲ ನನಗೂ ಗೊತ್ತಿತ್ತು. ಬೋಣಿಯ ದುಡ್ಡನ್ನು ಕಣ್ಣಿಗೊತ್ತಿಕೊಳ್ಳದ ಅಂಗಡಿಯವನನ್ನು ನಾನು ನೋಡಿಲ್ಲ. ಆದರೆ ತನ್ನ ಕೈಯೇ ಕೆಟ್ಟದ್ದು ಎಂದು ತಾನೇ ಹೇಳಿಕೊಳ್ಳುವವಳನ್ನು ಅದೇ ಮೊದಲು ಕಂಡದ್ದು.

ಬೆಟಗೇರಿಯಲ್ಲಿ ಅವಳ ಅಪ್ಪ ಗೂಳಪ್ಪನಿಗೆ ಬಟ್ಟೆಯಂಗಡಿಯಿತ್ತಂತೆ. ಇವಳು ಹುಟ್ಟಿದ ಮೂರನೆಯ ದಿನ ಅದಕ್ಕೆ ಬೆಂಕಿ ಬಿತ್ತು. ಅಜ್ಜಿ ಸುಟ್ಟ ಅಂಗಡಿಯನ್ನು ನೋಡಿ ಬಂದವಳು ತೊಟ್ಟಿಲನ್ನು ನೋಡಿದಳು. ಒಂದು ಮಾತು ಆಡಿದಳು. ಅಮ್ಮ ಬಾಣಂತಿ, ಸುಮ್ಮನಿದ್ದಳು. ಆ ಮಾತು ಓಣಿ ದಾಟಿ ಪೇಟೆ ಮುಟ್ಟಿತು. ಉಪ್ಪು ತರಲು ಕಳಿಸಿದರೆ ಅಂಗಡಿಯವರು ಪ್ರೀತಿಯಿಂದಲೇ ‘ಅಲ್ಲೇ ನಿಂದ್ರವಾ, ಒಬ್ರು ಬಂದು ಹೋಗ್ಲಿ’ ಎನ್ನುತ್ತಿದ್ದರು. ಯಾರೂ ಬೈದವರಲ್ಲ, ಹೊಡೆದವರಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ನೋಡಲು ಬಂದ ಎರಡು ಗಂಡುಗಳ ಮನೆಯವರ ಕಿವಿಗೂ ಆ ಮಾತು ಬಿದ್ದು, ಇಬ್ಬರೂ ಚಹಾ ಕುಡಿದು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ.

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಸ್ವ-ಪರಿಕಲ್ಪನೆ ಎಂಬ ಗಡುಸಾದ ಹೆಸರಿದೆ. ನಾನು ಎಂಥವಳು ಎಂದು ನನ್ನ ಬಗ್ಗೆ ನಾನೇ ಇಟ್ಟುಕೊಂಡಿರುವ ಚಿತ್ರ ಅದು. ಅದನ್ನು ಯಾವ ಮಗುವೂ ಹೊಟ್ಟೆಯಿಂದ ತರುವುದಿಲ್ಲ. ಅಮ್ಮನ ಮುಖ ನೋಡಿ ಸ್ವಲ್ಪ, ಓಣಿಯವರ ಕಣ್ಣು ನೋಡಿ ಸ್ವಲ್ಪ, ಮೇಷ್ಟರ ಮಾತು ಕೇಳಿ ಸ್ವಲ್ಪ, ಪಕ್ಕದ ಮನೆಯ ಹುಡುಗಿಗೆ ಹೋಲಿಸಿಕೊಂಡು ಇನ್ನಷ್ಟು, ಹೀಗೆ ಕೂಡಿಸಿಕೊಳ್ಳುತ್ತದೆ. ಒಮ್ಮೆ ಕೂಡಿದ ಮೇಲೆ ಅದು ಹಟಮಾರಿ. ತನಗೆ ಒಪ್ಪುವ ಸಾಕ್ಷಿಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ರೇಣವ್ವ ಮೊದಲು ಹತ್ತಿದ ಬಸ್ಸು ಕೆಟ್ಟು ನಿಂತದ್ದು ಅವಳಿಗೆ ನೆನಪಿತ್ತು, ನೆಟ್ಟಗೆ ಊರು ಮುಟ್ಟಿಸಿದ ಬಸ್ಸುಗಳು ನೆನಪಿರಲಿಲ್ಲ. ಇದನ್ನು ತರಗತಿಯಲ್ಲಿ ಹೇಳಿದರೆ ಹುಡುಗಿಯರು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ರೇಣವ್ವನಿಗೆ ಹೇಳಿದೆ. ಅವಳೂ ತಲೆಯಾಡಿಸಿದಳು, ಮರುದಿನ ಮತ್ತೆ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತಿದ್ದಳು.

ಇತ್ತ ಮರುಳಸಿದ್ದಪ್ಪನವರು ಅವಳನ್ನು ಕಂಡು ಒಳಗೊಳಗೇ ಬೆವರುತ್ತಿದ್ದರು. ದಿನಾ ಎದುರಿಗೆ ನಿಂತು, ಅಂಗಡಿಗೆ ಯಾರು ಬರುತ್ತಾರೆ, ಏನು ಕೊಳ್ಳುತ್ತಾರೆ ಎಂದು ಕಣ್ಣಿಟ್ಟು ನೋಡುವ ಹೆಂಗಸು ಆಡಿಟರ ಕಚೇರಿಯವಳು ಎಂದು ಅವರಿಗೆ ಯಾರೋ ಹೇಳಿದರು. ಅಷ್ಟು ಸಾಕಾಯಿತು. ಇವಳನ್ನು ಮಾರಾಟ ತೆರಿಗೆಯವರೇ ಕಳಿಸಿದ್ದಾರೆ ಎಂದು ತೀರ್ಮಾನಿಸಿ, ಬೆಂಕಿಪೊಟ್ಟಣಕ್ಕೂ ಬಿಲ್ಲು ಹರಿಯಲು ಶುರುಮಾಡಿದರು. ನಾನು ಒಂದು ತೆಂಗಿನಕಾಯಿ ಕೊಂಡರೆ ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ ಬರೆದರು. ಏನಿದು ಹೊಸ ಸಡಗರ ಎಂದರೆ ಕಣ್ಣಲ್ಲೇ ಆಚೆ ಕಡೆ ತೋರಿಸಿದರು. ನನಗೆ ಆಗ ಅರ್ಥವಾಗಲಿಲ್ಲ.

ಒಂದು ಬೆಳಿಗ್ಗೆ ಅವರಿಗೆ ತಡೆಯಲಾಗಲಿಲ್ಲ. ರಸ್ತೆ ದಾಟಿ ಹೋಗಿ ರೇಣವ್ವನ ಎದುರು ಕೈಮುಗಿದರು.

‘ಬನ್ನಿ ಮೇಡಂ, ಯಾಕೆ ಬಿಸಿಲಲ್ಲಿ ನಿಂತ್ಕೊತೀರ. ಇವತ್ತು ನೀವೇ ಬೋಣಿ ಮಾಡಿ.’

‘ಬ್ಯಾಡ್ರಿ, ಬ್ಯಾಡ್ರಿ ಅಣ್ಣಾರ’ ಎಂದು ಅವಳು ಹಿಂದೆ ಸರಿದಳು.

‘ನಮ್ಮಲ್ಲಿ ಎಲ್ಲಾ ಸರಿಯಾಗೇ ಇದೆ ಮೇಡಂ. ಬನ್ನಿ, ಕೂತ್ಕೊಳಿ, ನೋಡಿ.’

ಅವಳು ಹೆದರಿದಷ್ಟೂ ಅವರಿಗೆ ಇದು ದೊಡ್ಡ ಅಧಿಕಾರಿಯ ಗತ್ತು ಎನಿಸಿತಂತೆ. ಸ್ಟೂಲು ಒರೆಸಿ ಕೂರಿಸಿ, ಕರ್ಪೂರದ ಒಂದು ಪೊಟ್ಟಣವನ್ನು ಕೈಗಿತ್ತು, ಅವಳ ಹಿಡಿಯಲ್ಲಿದ್ದ ನಾಣ್ಯ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ರೇಣವ್ವ ಆ ದಿನ ಕಚೇರಿಗೆ ಹೋಗಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಳು. ಬೆಂಕಿಯ ವಾಸನೆ ಬರುತ್ತಿದೆಯೇ ಮೇಡಂ ಎಂದು ಎರಡು ಸಲ ಇಳಿದು ಬಂದು ನನ್ನನ್ನು ಕೇಳಿದಳು.

ಬೆಂಕಿಯೇನೂ ಬೀಳಲಿಲ್ಲ. ಅವತ್ತು ಮಧ್ಯಾಹ್ನ ಮದುವೆ ಅಡುಗೆಯ ಕಂಟ್ರಾಕ್ಟರ್ ಒಬ್ಬ, ಎಂದಿನ ಅಂಗಡಿ ಮುಚ್ಚಿದ್ದರಿಂದ, ಮರುಳಸಿದ್ದಪ್ಪನವರ ಬೆಲ್ಲ, ಬೇಳೆ, ರವೆ ಎಲ್ಲವನ್ನೂ ಬಾಚಿಕೊಂಡು ಹೋದ. ಮುಂದೆಯೂ ಇಲ್ಲೇ ಬರುತ್ತೇನೆ ಎಂದ. ಮರುದಿನ ಮರುಳಸಿದ್ದಪ್ಪನವರು ಶಟರ್ ಎತ್ತಿದವರೇ ರೇಣವ್ವನಿಗಾಗಿ ಕಾದರು. ಅವಳು ತೆರಿಗೆಯವಳಲ್ಲ, ಬರೀ ಟೈಪಿಸ್ಟ್ ಎಂದು ವಾರದೊಳಗೆ ತಿಳಿಯಿತು. ಹೊಟ್ಟೆ ಹಿಡಿದು ನಕ್ಕರು, ಮೇಡಂ ಎನ್ನುವುದನ್ನು ಬಿಟ್ಟು ಅಕ್ಕ ಎನ್ನತೊಡಗಿದರು. ಬೋಣಿ ಮಾತ್ರ ಅವಳದೇ ಆಗಬೇಕು.

ಹಾಗೆ ನಮ್ಮ ಬೀದಿಯಲ್ಲಿ ಹೊಸ ರೇಣವ್ವ ಹುಟ್ಟಿದಳು. ಹೂವಿನ ಸಪ್ಪಲಮ್ಮ ಅವಳಿಗಾಗಿ ಒಂದು ಮೊಳ ಮಲ್ಲಿಗೆ ಎತ್ತಿಡುತ್ತಿದ್ದಳು. ಕೈಗುಣದಕ್ಕ ಬಂದ್ರು ಎಂದು ಸೈಕಲ್ ಅಂಗಡಿಯವನೂ ಕರೆಯುತ್ತಿದ್ದ, ಅವನ ಹತ್ತಿರ ಕೊಳ್ಳಲು ಏನೂ ಇಲ್ಲದೆ ಒಂದು ವಾಲ್ವ್ ಟ್ಯೂಬು ಕೊಂಡು ತಂದಿದ್ದಳು. ಒಂದೆರಡು ವರ್ಷದಲ್ಲಿ ಅವಳ ನಡಿಗೆಯೇ ಬದಲಾಯಿತು. ಕಚೇರಿಯ ಬೀಗವನ್ನು ತಾನೇ ತೆಗೆದಳು. ಕಂಪ್ಯೂಟರ್ ಬಂದಾಗ ಎಲ್ಲರಿಗಿಂತ ಮೊದಲು ಕಲಿತಳು. ಚಾಪೆಯ ತುದಿ ಬಿಟ್ಟು ನನ್ನ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕೂರಲಾರಂಭಿಸಿದಳು. ಒಬ್ಬರ ಬಗ್ಗೆ ನಾಲ್ಕು ಜನ ಬೇರೆ ಮಾತಾಡಿದರೆ ಆ ಮನುಷ್ಯರೇ ಬೇರೆಯಾಗುತ್ತಾರೆ ಎಂದು ಪುಸ್ತಕ ಓದಿ ಹೇಳುತ್ತಿದ್ದವಳು ನಾನು. ಅದು ನನ್ನ ಮನೆಯ ಮೆಟ್ಟಿಲಿಳಿದು ಹೋಗುವುದನ್ನು ನೋಡಿ ಒಳ್ಳೇ ಸಂತೋಷಪಟ್ಟೆ.

ಆದರೆ ಸಂತೋಷ ಪೂರ್ತಿಯಾಗಿರಲಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಬೀದಿಗೆಲ್ಲ ಬೇಕಾದವಳು ಆಮೇಲೆ ಯಾರಿಗೂ ಬೇಡವಾಗಿದ್ದಳು. ದುಡ್ಡು ಕಣ್ಣಿಗೊತ್ತಿಕೊಂಡಾದ ಮೇಲೆ ಅಂಗಡಿಯವರು ಅವರ ಕೆಲಸದಲ್ಲಿ ಮುಳುಗುತ್ತಿದ್ದರು. ಮರುಳಸಿದ್ದಪ್ಪನವರ ಮಗಳು ಶ್ರೀದೇವಿಯ ನಿಶ್ಚಿತಾರ್ಥಕ್ಕೆ ಬೀದಿಯ ಅರ್ಧ ಜನ ಹೋಗಿ ಬಂದೆವು, ಇವಳನ್ನು ಕರೆಯಲು ಅವರಿಗೆ ಮರೆತುಹೋಗಿತ್ತು. ಬೇಕೆಂದೇ ಬಿಟ್ಟದ್ದಲ್ಲ, ನಿಜವಾಗಿ ಮರೆತದ್ದು. ಜ್ವರ ಬಂದರೂ ರೇಣವ್ವ ಸೆರಗು ಹೊದ್ದು ಬೋಣಿಗೆ ಹೋಗುತ್ತಿದ್ದಳು. ಊರಿಗೆ ಹೋಗುವುದನ್ನೂ ನಿಲ್ಲಿಸಿದಳು. ಸಂಜೆ ಮರುಳಸಿದ್ದಪ್ಪನವರ ಮುಖ ಸಪ್ಪಗಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

‘ಇವತ್ತ ಯಾಪಾರ ಕಮ್ಮಿ ಆಗೇತೇನ್ರಿ? ನಿಮಗೇನರ ಅಂದ್ರೇನು?’ ಎಂದು ನನ್ನನ್ನು ಕೇಳುವಳು.

‘ಅವರ ಹಲ್ಲು ನೋವು ಕಣೇ, ನಿನಗೇನು?’ ಎಂದು ಗದರುತ್ತಿದ್ದೆ.

ಎರಡು ಸಾವಿರದ ಮೂರರಲ್ಲಿ ಮರುಳಸಿದ್ದಪ್ಪನವರು ಜೆ.ಪಿ. ನಗರದಲ್ಲಿ, ಸಾರಕ್ಕಿಗೆ ಹೋಗುವ ರಸ್ತೆಯಲ್ಲಿ, ದೊಡ್ಡ ಅಂಗಡಿ ಹಿಡಿದರು. ಮೊದಲ ಬೋಣಿ ಅಕ್ಕನದೇ ಎಂದು ಹೇಳಿ ಆಟೋ ಕಳಿಸಿದರು. ಈ ಸಲ ಆಹ್ವಾನ ಪತ್ರಿಕೆಯೂ ಬಂತು, ಮೇಲೆ ಅರಿಸಿನ ಹಚ್ಚಿ ಅವಳ ಹೆಸರು ಬರೆದಿತ್ತು. ರೇಣವ್ವ ಅದನ್ನು ಹಿಡಿದುಕೊಂಡು ಬಂದು ನನ್ನ ಎದುರು ಕೂತಳು. ಅವರಿಗೆ ಊರಿನ ವಿಷಯ ಹೇಳಿಬಿಡಬೇಕು ಅನಿಸುತ್ತಿದೆ ಎಂದಳು. ಹೇಳಬೇಕೋ ಬೇಡವೋ ಎಂದು ನನ್ನನ್ನು ಕೇಳಲಿಲ್ಲ. ಆಗಲೇ ಗಟ್ಟಿ ಮಾಡಿಕೊಂಡಿದ್ದಳು. ಏಳು ವರ್ಷದಲ್ಲಿ ಅವಳಿಗೆ ಒಂದು ಬೇಕಾಗಿತ್ತು, ಎಲ್ಲ ತಿಳಿದ ಮೇಲೂ ತನ್ನನ್ನು ಒಳಗೆ ಕರೆಯುವವರು ಒಬ್ಬರು ಬೇಕಾಗಿತ್ತು. ನಾನಿರಲಿಲ್ಲವೇ ಎಂದು ಸ್ವಲ್ಪ ಮುನಿಸಾಯಿತು. ಆದರೆ ನಾನು ಬೋಣಿಯನ್ನು ನಂಬದವಳು, ನನ್ನ ಒಪ್ಪಿಗೆಗೆ ಅವಳ ಲೆಕ್ಕದಲ್ಲಿ ಬೆಲೆಯಿರಲಿಲ್ಲ. ನಂಬುವವನೇ ಒಪ್ಪಬೇಕು.

ಹೊಸ ಅಂಗಡಿಯ ಹೊಸಿಲ ಮೇಲೆ, ಮಾವಿನ ತೋರಣದ ಕೆಳಗೆ ನಿಂತು ಅವಳು ಹೇಳಿಯೇಬಿಟ್ಟಳು. ನಾನು ಪಕ್ಕದಲ್ಲೇ ಇದ್ದೆ.

‘ಅಣ್ಣಾರ, ಒಂದ್ ಮಾತು. ನಮ್ಮೂರಾಗ ನನ್ನ ಕೈಲೆ ಯಾರೂ ಬೋಣಿ ಮಾಡಿಸ್ತಿದ್ದಿಲ್ರಿ. ನಾ ಹುಟ್ಟಿದ ಮೂರ ದಿನಕ್ಕ ನಮ್ಮಪ್ಪನ ಅಂಗಡಿ ಸುಟ್ಟಿತ್ರಿ. ನಿಮಗ ಗೊತ್ತಿರ್ಲಿ.’

ಮರುಳಸಿದ್ದಪ್ಪನವರು ಒಮ್ಮೆ ತೋರಣದ ಕಡೆ ನೋಡಿದರು. ಆಮೇಲೆ ಜೋರಾಗಿ ನಕ್ಕರು.

‘ನಿಮ್ಮೂರೋರಿಗೆ ವ್ಯಾಪಾರ ಗೊತ್ತಿಲ್ಲ ಅಕ್ಕ. ಬನ್ನಿ, ಬಲಗಾಲಿಟ್ಟು ಒಳಗೆ ಬನ್ನಿ.’

ರೇಣವ್ವ ಒಳಗೆ ಹೋದಳು. ಸಕ್ಕರೆ ಕೊಂಡಳು. ಬರುವಾಗ ಆಟೋದಲ್ಲಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಅಷ್ಟು ಚೆಂದವಾಗಿ ಅವಳನ್ನು ನಾನು ಮತ್ತೆ ನೋಡಲಿಲ್ಲ.

ತಿಂಗಳು ತುಂಬುವ ಮೊದಲೇ ಕೊಳವೆ ಹಾಕಬೇಕೆಂದು ಆ ರಸ್ತೆಯನ್ನು ಅಗೆದರು. ಅಂಗಡಿಯ ಮುಂದೆ ಆಳುದ್ದದ ಗುಂಡಿ, ಗುಂಡಿಯ ಆಚೆ ಮಣ್ಣಿನ ಗುಡ್ಡ. ಗಿರಾಕಿಗಳು ಹಲಗೆಯ ಮೇಲೆ ಸರ್ಕಸ್ ಮಾಡಿಕೊಂಡು ಬರಬೇಕಿತ್ತು, ಬರಲಿಲ್ಲ. ಆ ಸಾಲಿನಲ್ಲಿ ಹೋಟೆಲು, ಔಷಧದಂಗಡಿ, ಚಪ್ಪಲಿಯಂಗಡಿ ಎಲ್ಲವೂ ಮುಳುಗಿದವು. ಅವುಗಳ ಬೋಣಿಯನ್ನು ರೇಣವ್ವ ಮಾಡಿರಲಿಲ್ಲ. ಬೇಸಿಗೆಯ ಹೊತ್ತಿಗೆ ಮರುಳಸಿದ್ದಪ್ಪನವರು ಹೊಸ ಅಂಗಡಿ ಬಿಟ್ಟು ಹಳೆಯದಕ್ಕೇ ವಾಪಸಾದರು.

ಮರುದಿನ ಬೆಳಿಗ್ಗೆ ರೇಣವ್ವ ಅಂಗಡಿಗೆ ಹೋದಾಗ ಅವರು ಎಂದಿನಂತೆಯೇ ನಕ್ಕರು.

‘ಬೋಣಿ ಆಯ್ತಕ್ಕ, ಬನ್ನಿ. ಏನು ಕೊಡ್ಲಿ?’

ಅವತ್ತು ಶಟರ್ ಅರ್ಧ ಎತ್ತಿದ್ದರಷ್ಟೇ. ಮಾರನೆಯ ದಿನ ಇನ್ನೂ ಬೇಗ ಹೋದಳು. ಆಗಲೂ ಬೋಣಿ ಆಗಿತ್ತು. ವಾರ ಕಳೆಯುವಷ್ಟರಲ್ಲಿ ಸಪ್ಪಲಮ್ಮನ ಬುಟ್ಟಿಯಿಂದಲೂ ಇವಳು ಹೋಗುವ ಮೊದಲೇ ಒಂದು ಮೊಳ ಹೂವು ಮಾರಿಹೋಗಿರುತ್ತಿತ್ತು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಅಕ್ಕ ಎನ್ನುವುದನ್ನೂ ಬಿಡಲಿಲ್ಲ. ರೇಣವ್ವ ಇದನ್ನು ನನಗೆ ಹೇಳಿದ್ದು ಕೂಡ ದೂರಿನಂತಲ್ಲ, ಗೊತ್ತಿದ್ದ ಸುದ್ದಿಯೊಂದು ಕೊನೆಗೂ ಬಂದು ಮುಟ್ಟಿತೆಂಬ ಹಾಗೆ.

ನನಗೆ ಸಿಟ್ಟು ನೆತ್ತಿಗೇರಿತು. ಚಪ್ಪಲಿ ಮೆಟ್ಟಿಕೊಂಡು ನೇರ ಅಂಗಡಿಗೆ ಹೋದೆ.

‘ಕೊಳವೆ ಹಾಕೋದಕ್ಕೆ ರಸ್ತೆ ಅಗೆದಿದ್ದು ರೇಣವ್ವನಾ, ಮರುಳಸಿದ್ದಪ್ಪನವರೇ?’

ಅವರು ತೂಕದ ಬಟ್ಟು ಕೆಳಗಿಟ್ಟರು. ‘ಇಲ್ಲ ಮೇಡಂ. ಅಷ್ಟೂ ತಿಳಿಯಲ್ವಾ ನಂಗೆ?’

‘ಮತ್ತೆ ಯಾಕೆ ಈ ನಾಟಕ? ದಿನಾ ಹೆಂಡ್ತಿ ಕೈಲಿ ಬೋಣಿ ಮಾಡಿಸ್ತೀರಂತೆ.’

‘ಪಾಪ, ಅವತ್ತು ಹೇಳ್ವಾಗ ಅವ್ರು ಎಷ್ಟು ನಡುಗ್ತಿದ್ರು ನೋಡಿದ್ರಲ್ಲ. ಆ ಭಾರ ಅವ್ರ ಮೇಲೆ ಯಾಕೆ ಅಂತ…’ ಎಂದು ಶುರುಮಾಡಿದವರು ನಿಲ್ಲಿಸಿದರು. ಕಪಾಟಿನ ದೇವರ ಪಟದ ಕಡೆ ನೋಡಿ, ‘ಸುಳ್ಳು ಯಾಕೆ ಹೇಳ್ಲಿ ಮೇಡಂ. ಅರ್ಧ ಅವ್ರಿಗೋಸ್ಕರ, ಅರ್ಧ ನಂಗೋಸ್ಕರ. ಅವ್ರು ಹೇಳ್ದೆ ಇದ್ದಿದ್ರೆ ನಂಗೇನೂ ಅನಿಸ್ತಿರ್ಲಿಲ್ಲ’ ಎಂದರು.

ಇಷ್ಟು ನಿಜ ಹೇಳುವವರ ಜೊತೆ ಜಗಳ ಆಡುವುದು ಹೇಗೆ? ನಾಳೆಯಿಂದ ಅಕ್ಕನದೇ ಬೋಣಿ, ಕಳಿಸಿ ಎಂದು ಅವರೇ ಹೇಳಿದರು. ಮನೆಗೆ ಬಂದು ರೇಣವ್ವನಿಗೆ ತಿಳಿಸಿದೆ. ಅವಳು ಹಿಟ್ಟು ನಾದುತ್ತಿದ್ದಳು.

‘ಕನಿಕರದ ಬೋಣಿ ಬ್ಯಾಡ್ರಿ’ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಕೈ ನಿಲ್ಲಿಸಿದಳು. ‘ಅಲ್ರೀ ಮೇಡಂ, ನೀವು ಇದನ್ನ ಓದಿದವ್ರು. ಊರಾಗ ಕೆಟ್ಟಾಕಿ ಅಂದ್ರು, ಹಂಗ ಆದೆ. ಇಲ್ಲಿ ಛಲೋ ಆಕಿ ಅಂದ್ರು, ಹಂಗೂ ಆದೆ. ಯಾರೂ ಏನೂ ಅನ್ನದಿದ್ರ ನಾ ಯಾರ್ರಿ?’

ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ನಾನು ವರ್ಷವರ್ಷವೂ ಕೊಡುತ್ತಿದ್ದ ಪ್ರಶ್ನೆ ಅದು. ಉತ್ತರ ಬರೆಯುವ ಹುಡುಗಿಯರು ಪಾತ್ರಗಳು, ಬಯಸಿದ ನಾನು, ಇರುವ ನಾನು ಎಂದು ಅಡಿಗೆರೆ ಎಳೆದು ಬರೆಯುತ್ತಿದ್ದರು.

‘ನೀನು ರೇಣವ್ವ ಕಣೇ’ ಎಂದೆ.

‘ಆ ಹೆಸರೂ ಊರವರ ಇಟ್ಟದ್ರಿ’ ಎಂದು ಅವಳು ರೊಟ್ಟಿ ಬಡಿಯಲು ಕೂತಳು.

ಅಂಗಡಿಗೆ ಹೋಗುವುದನ್ನು ಬಿಟ್ಟಳು. ಮರುಳಸಿದ್ದಪ್ಪನವರು ಎರಡು ಸಲ ಹೇಳಿ ಕಳಿಸಿದರು, ಆಮೇಲೆ ಅವರೂ ಸುಮ್ಮನಾದರು. ಎರಡು ಸಾವಿರದ ಐದರಲ್ಲಿ ನಮ್ಮ ಮುಖ್ಯರಸ್ತೆಯಲ್ಲಿ ಗಾಜಿನ ಬಾಗಿಲ ಸೂಪರ್ ಮಾರ್ಕೆಟ್ ಒಂದು ಶುರುವಾಯಿತು. ರೇಣವ್ವ ಅಲ್ಲಿಗೆ ಹೋಗಲಾರಂಭಿಸಿದಳು, ಅದೂ ಬಾಗಿಲು ತೆಗೆಯುವ ಹೊತ್ತಿಗೇ.

‘ಎಲ್ಲಾರ್ಕಿಂತ ಮೊದ್ಲು ನಾನ ಹೋಗ್ತೀನ್ರಿ. ಯಾರೂ ತಡಿಯಂಗಿಲ್ಲ, ಯಾರೂ ಕರಿಯಂಗಿಲ್ಲ’ ಎಂದು ಉತ್ಸಾಹದಿಂದ ಹೇಳಿದಳು. ‘ಒಮ್ಮೆ ನೀವೂ ಬರ್ರಿ.’

ಹೋದೆ. ಕಾವಲುಗಾರ ಬಾಗಿಲು ತಳ್ಳಿ ಹಿಡಿದ, ನಮ್ಮನ್ನು ನೋಡಲಿಲ್ಲ. ಒಳಗೆ ತಣ್ಣಗಿತ್ತು. ರೇಣವ್ವ ಸಾಲುಗಳ ನಡುವೆ ಓಡಾಡಿ ಒಂದು ಸೋಪು ತಂದಳು. ಕೌಂಟರಿನಲ್ಲಿದ್ದ ಹುಡುಗಿ ಯಂತ್ರಕ್ಕೆ ತೋರಿಸಿದಳು, ಯಂತ್ರ ಕುಂಯ್ ಎಂದಿತು. ನೋಟನ್ನು ಡ್ರಾಯರಿಗೆ ಹಾಕಿ, ಚಿಲ್ಲರೆಯನ್ನು ಚೀಟಿಯ ಮೇಲಿಟ್ಟು ತಳ್ಳಿದಳು. ಅಷ್ಟೇ, ಮುಗಿಯಿತು. ರೇಣವ್ವ ಅಲ್ಲೇ ನಿಂತಿದ್ದಳು.

‘ಇನ್ನೇನಾದ್ರೂ ಬೇಕಾ ಆಂಟಿ?’

‘ಏನಿಲ್ಲವಾ. ನಂದೇ ಬೋಣಿ. ಇವತ್ತ ನಿಂಗ ಯಾಪಾರ ಛಲೋ ಆಗ್ಲಿ.’

ಹುಡುಗಿ ಮೊದಲ ಸಲ ತಲೆಯೆತ್ತಿದಳು. ಒಳ್ಳೆಯ ಹುಡುಗಿಯೇ, ನಕ್ಕಳು. ‘ನಂಗೆ ಸಂಬಳ ಆಂಟಿ. ವ್ಯಾಪಾರ ಆದ್ರೂ ಅಷ್ಟೇ, ಆಗ್ದಿದ್ರೂ ಅಷ್ಟೇ.’

ಹಿಂದೆ ನಿಂತಿದ್ದವನು ತನ್ನ ಬುಟ್ಟಿಯನ್ನು ಮುಂದಕ್ಕೆ ಸರಿಸಿದ. ನಾವು ಹೊರಗೆ ಬಂದೆವು. ಬಸ್ಸು, ಆಟೋಗಳ ಗದ್ದಲದಲ್ಲಿ ರಸ್ತೆ ದಾಟಲು ನಾನು ಅವಳ ಕೈ ಹಿಡಿದುಕೊಂಡೆ. ಆ ಕೈಯ ಬಗ್ಗೆ ಇಷ್ಟು ವರ್ಷ ಎಷ್ಟೊಂದು ಮಾತಾಡಿದ್ದೆವು, ಅದನ್ನು ಹಿಡಿದದ್ದು ಅದೇ ಮೊದಲು ಎಂದು ಹೊಳೆದು ನನಗೆ ಬಹಳ ದುಃಖವಾಯಿತು. ಅವಳು ಬಿಡಿಸಿಕೊಳ್ಳಲಿಲ್ಲ.

‘ನಾಳಿಂದ ನಾ ಅಲ್ಲಿಗಿ ಹೋಗಂಗಿಲ್ರಿ ಮೇಡಂ’ ಎಂದಳು ಮನೆಯ ತಿರುವಿನಲ್ಲಿ. ‘ಅಲ್ಲಿ ಕೆಟ್ಟಾಕಿ ಆಗಾಕ ಸೈತ ಬರಂಗಿಲ್ಲ.’